ಕಲ್ಲು ಹಿಡಿದ ಕೈ

ದೊಡವಾಡ,
೧೯ ನವೆಂಬರ್ ೨೦೦೦, ರವಿವಾರ

ಪ್ರೀತಿಯ ಇವರಿಗೆ,

ಮೀನಾಳ ನಮಸ್ಕಾರಗಳು. ನೀವು ಹೇಗಿದ್ದೀರಿ? ಚಳಿಗೆ ಎಡಗೈ ಬೆರಳುಗಳು ಜೋಮು ಹಿಡಿಯುತ್ತವೆ ಎಂದು ಹೋದ ಸಲ ಬರೆದಿದ್ದಿರಿ. ಈಗ ಕಡಿಮೆಯಾಗಿದೆಯೇ? ನಿಮ್ಮ ಮಿಲಿಟರಿ ಡಾಕ್ಟರಿಗೆ ತೋರಿಸದೆ ಬೆಂಕಿಯ ಮುಂದೆ ಕೈ ಹಿಡಿದು ಕೂತಿರುತ್ತೀರಿ ಎಂದು ನನಗೆ ಗೊತ್ತು. ತೋರಿಸಿರಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಎರಡನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿ, ಮೇಲೆ ಬಟ್ಟೆ ಹೊಲಿದು ಪಾರ್ಸಲ್ ಮಾಡಿದ್ದೇನೆ. ನಿಮ್ಮ ಬಿಹಾರದ ಗೆಳೆಯರಿಗೆ ಕೊಡಿ, ಆದರೆ ಹೋದ ಸಲದಂತೆ ಡಬ್ಬಿಯನ್ನೇ ಕೊಟ್ಟು ಬರಬೇಡಿ. ಇಲ್ಲಿ ಅವ್ವನ ದಮ್ಮು ಮೋಡವಾದ ದಿನ ಹೆಚ್ಚು, ಬಿಸಿಲು ಬಿದ್ದ ದಿನ ಕಡಿಮೆ. ಹಿಂಗಾರಿ ಜೋಳ ಚೆನ್ನಾಗಿ ಎದ್ದಿದೆ. ಶಾಲೆಯಲ್ಲಿ ನನಗೆ ಈ ವರ್ಷ ಮತ್ತೆ ಒಂದನೆಯ ತರಗತಿಯನ್ನೇ ಕೊಟ್ಟಿದ್ದಾರೆ. ಸಣ್ಣ ಹುಡುಗರು ಅಳುತ್ತ ಬಂದು, ದೀಪಾವಳಿಯ ಹೊತ್ತಿಗೆ ನಗುತ್ತ ಕೂಡುತ್ತಾರೆ. ಅದೊಂದು ನನಗೆ ಸಮಾಧಾನ.

ಹೋದ ವರ್ಷ ರಜೆ ಮುಗಿಸಿ ಹೊರಟಾಗ ಬಸ್ ಸ್ಟ್ಯಾಂಡಿನಲ್ಲಿ ನೀವು ಒಂದು ಮಾತು ಹೇಳಿದ್ದಿರಿ. "ಆಕಿ ಹೆಸರು ನನಗ ಬರೀಬ್ಯಾಡ. ಬರದ್ರ ಆ ಪತ್ರ ಅಲ್ಲಿಗೇ ಮಡಚಿ ಇಡತೇನಿ." ನಾನು ಇಲ್ಲಿಯತನಕ ಬರೆಯಲಿಲ್ಲ. ಎಮ್ಮೆ ಕರು ಹಾಕಿದ್ದು, ಮಾಳಿಗೆ ಸೋರಿದ್ದು, ಅವ್ವ ಬಿದ್ದು ಮೊಣಕಾಲು ಬಾತದ್ದು, ಎಲ್ಲ ಬರೆದೆ, ಅದೊಂದನ್ನು ಬಿಟ್ಟೆ. ಇಂದು ಬರೆಯುತ್ತಿದ್ದೇನೆ. ಮಡಚಿ ಇಡುವುದಾದರೆ ಇಡಿ, ಹರಿಯಬೇಡಿ. ಟ್ರಂಕಿನಲ್ಲಿರಲಿ, ಎಂದಾದರೂ ಓದಿರಿ. ನಿಮ್ಮ ತಂಗಿ ಕೃಷ್ಣವ್ವನ ಗಲ್ಲು ತಪ್ಪಿತು. ಹೈಕೋರ್ಟು ಹೋದ ತಿಂಗಳು ಅದನ್ನು ಜೀವಾವಧಿ ಮಾಡಿತು. ಪೇಪರಿನಲ್ಲಿ ನಾಲ್ಕು ಸಾಲು ಬಂದಿದೆ. ಬೈಲಹೊಂಗಲದ ನಿಮ್ಮ ಜೊತೆಗಾರರು ಯಾರಾದರೂ ತೋರಿಸಿರಬಹುದು. ಆ ನಾಲ್ಕು ಸಾಲಿನಲ್ಲಿ ಇಲ್ಲದ್ದನ್ನು ನಾನು ಬರೆಯುತ್ತೇನೆ.

೧೯೯೮ರ ಆ ಜನವರಿಯಲ್ಲಿ ನೀವು ರಜೆಗೆ ಬಂದು ಇಲ್ಲೇ ಇದ್ದಿರಿ. ಸಂಕ್ರಾಂತಿಗೆ ಕೃಷ್ಣವ್ವ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಗಂಡ ಭರಮಪ್ಪ ಸಣ್ಣವನಾದ ಬಸವಲಿಂಗನನ್ನು ತನ್ನ ಮಗನೇ ಅಲ್ಲ ಎಂದು ಓಣಿಯ ಮಂದಿಯ ಮುಂದೆ ಆಡುತ್ತಾನೆ, ಮಕ್ಕಳನ್ನು ಬಿಟ್ಟು ಹೋಗು, ಬೇರೆಯವಳನ್ನು ತರುತ್ತೇನೆ ಅನ್ನುತ್ತಾನೆ ಎಂದು ಅಡಿಗೆಮನೆಯಲ್ಲಿ ಕೂತು ಹೇಳಿದಳು. ಹಬ್ಬ ಮುಗಿದ ಮೇಲೆ ಅವ್ವ ಉಡಿ ತುಂಬಿ ಕಳಿಸಿದರು, ನೀವು ಸವದತ್ತಿ ಬಸ್ಸು ಹತ್ತಿಸಿ ಬಂದಿರಿ. ಚುಚ್ಚಬೇಕೆಂದು ಇದನ್ನು ಬರೆಯುತ್ತಿಲ್ಲ. ಎಲ್ಲರ ಮನೆಯಲ್ಲೂ ಹೀಗೆಯೇ ಕಳಿಸುತ್ತಾರೆ. ಆ ವಾರ ಮುಗಿಯುವುದರೊಳಗೆ ಗಂಡನ ಊರು ಮುನವಳ್ಳಿಯ ಹೊಲದ ಬಾವಿಗೆ ಎರಡೂ ಮಕ್ಕಳನ್ನು ಬಗಲಲ್ಲಿ ಹಿಡಿದು ಹಾರಿದಳು. ಆರು ವರ್ಷದ ಸಪ್ನಾ, ಮೂರು ವರ್ಷದ ಬಸವಲಿಂಗ ತಳಕ್ಕೆ ಹೋದರು. ಪಕ್ಕದ ಹೊಲದಲ್ಲಿ ನೀರು ಹಾಯಿಸುತ್ತಿದ್ದ ಶಟ್ಟೆಪ್ಪ ಹಗ್ಗ ಕಟ್ಟಿಕೊಂಡು ಇಳಿದಾಗ ಇವಳು ಬಾವಿಯ ಗೋಡೆಯಿಂದ ಹೊರಚಾಚಿದ ಒಂದು ಕಲ್ಲನ್ನು ಹಿಡಿದುಕೊಂಡಿದ್ದಳು. ಆ ಎರಡು ಸಣ್ಣ ಕುಣಿಗಳಿಗೆ ಸೋದರಮಾವನಾಗಿ ನೀವೇ ಮೊದಲ ಮಣ್ಣು ಹಾಕಿದಿರಿ. ಅಲ್ಲಿಂದ ಪೊಲೀಸ್ ಸ್ಟೇಷನ್ನಿಗೆ ಹೋಗಿ ಬಂದವರು ಯಾರ ಜೊತೆಗೂ ಮಾತಾಡಲಿಲ್ಲ. ಅಲ್ಲಿ ಏನಾಯಿತೆಂದು ನಾನೂ ಕೇಳಲಿಲ್ಲ.

ಬೆಳಗಾವಿಯಲ್ಲಿ ಕೇಸು ನಡೆದಷ್ಟೂ ದಿನ ನಮ್ಮ ಮನೆಯಿಂದ ಯಾರೂ ಹೋಗಲಿಲ್ಲ. ಸರಕಾರ ಕೊಟ್ಟ ವಕೀಲರೊಬ್ಬರು ಅವಳ ಪರವಾಗಿ ನಿಂತಿದ್ದರಂತೆ, ಸಾಕ್ಷಿಗಳನ್ನು ಹೆಚ್ಚೇನೂ ಕೇಳಲಿಲ್ಲವಂತೆ. ತೀರ್ಪಿನ ದಿನ ನಾನು ಶಾಲೆಗೆ ರಜೆ ಹಾಕಿ, ಅವ್ವನಿಗೆ ಬೈಲಹೊಂಗಲಕ್ಕೆ ಮೀಟಿಂಗಿಗೆ ಹೋಗುತ್ತೇನೆಂದು ಹೇಳಿ, ಕಿತ್ತೂರಿನ ಮೇಲೆ ಬೆಳಗಾವಿಗೆ ಹೋಗುವ ಬಸ್ಸು ಹತ್ತಿದೆ. ಯಾಕೆ ಹೋದೆ ಎಂದು ಆಗ ನನಗೂ ಸ್ಪಷ್ಟವಿರಲಿಲ್ಲ. ಸಪ್ನಾ ನನ್ನ ತರಗತಿಯಲ್ಲಿ ಮೂರು ತಿಂಗಳು ಕೂತವಳು. ಕೃಷ್ಣವ್ವ ಬಾಣಂತನಕ್ಕೆ ಬಂದಾಗ ಅಷ್ಟು ಸಣ್ಣವಳನ್ನು ದಿನಾ ಕೈಹಿಡಿದು ಕರೆದೊಯ್ಯುತ್ತಿದ್ದೆ. ಅವಳಿಗೆ ನಾನೇ ಅ, ಆ ತಿದ್ದಿಸಿದ್ದೆ. ಸಪ್ನಾಳ ಪರವಾಗಿ ಕೇಳಿಸಿಕೊಳ್ಳಲಿಕ್ಕಾದರೂ ಒಬ್ಬರು ಇರಬೇಕು ಎಂದುಕೊಂಡೆನೋ ಏನೋ.

ಕೋರ್ಟಿನ ಹೊರಗೆ ಮುನವಳ್ಳಿಯ ಮಂದಿ ಬಹಳ ಇದ್ದರು. ಒಳಗೆ ಸರಕಾರಿ ವಕೀಲರು ಶಿಕ್ಷೆಯ ಬಗ್ಗೆ ಮಾತಾಡುತ್ತ, ತಾಯಿ ಎನ್ನುವ ಶಬ್ದವನ್ನು ಮತ್ತೆ ಮತ್ತೆ ಆಡಿದರು. ಇವಳು ತಾಯಿ, ಆದ್ದರಿಂದ ಇದು ಬರೀ ಕೊಲೆಯಲ್ಲ ಎಂದರು. ಸಾಯುವ ಮನಸ್ಸಿದ್ದವಳು ಕಲ್ಲು ಹಿಡಿಯುತ್ತಿರಲಿಲ್ಲ, ಮಕ್ಕಳ ಕಾಟ ಕಳೆದುಕೊಂಡು ತಾನು ಬೇರೆ ಬಾಳು ಮಾಡಬೇಕೆಂದಿದ್ದಳು ಎಂದರು. ಜಡ್ಜ್ ಸಾಹೇಬರು ಬರೆದುಕೊಂಡು ಬಂದ ಗಲ್ಲಿನ ತೀರ್ಪನ್ನು ಓದಿದರು. ಕೃಷ್ಣವ್ವ ಕಟಕಟೆಯಲ್ಲಿ ಸೆರಗನ್ನು ಎರಡೂ ಭುಜಕ್ಕೆ ಹೊದ್ದು ನಿಂತಿದ್ದಳು, ಅರ್ಧದಷ್ಟಾಗಿದ್ದಳು. ಓದಿ ಮುಗಿದ ಮೇಲೆ ಪಕ್ಕದ ಮಹಿಳಾ ಪೊಲೀಸರ ಕಡೆ ತಿರುಗಿ "ಏನಂದ್ರು ಅವರು?" ಎಂದು ಕೇಳಿದಳು. ಆ ಹೆಣ್ಣುಮಗಳು ಅವಳ ಮುಖ ನೋಡದೆ "ಆಮ್ಯಾಲ ಹೇಳತೇನಿ, ನಡಿ" ಎಂದಳು. ಹೊರಗೆ ಯಾರೋ "ಚಲೋ ಆತು" ಅಂದರು. ಒಬ್ಬ ವಯಸ್ಸಾದ ಹೆಂಗಸು ನನ್ನನ್ನು ಹಿಡಿದು "ನೀ ಯಾರ ಪೈಕಿ ಯವ್ವಾ?" ಎಂದು ಕೇಳಿದಳು. ಸುಳ್ಳು ಹೇಳಬಹುದಿತ್ತು. "ನಾ ಆಕಿ ವೈನಿ, ಅಣ್ಣನ ಹೆಂಡ್ತಿ" ಅಂದೆ. ಆಕೆ ಕೈ ಬಿಟ್ಟು ಹಿಂದೆ ಸರಿದಳು.

ಮರುದಿನ ಪೇಪರಿನಲ್ಲಿ ಮೊದಲ ಪುಟದಲ್ಲೇ ಬಂತು. ಸ್ಟಾಫ್ ರೂಮಿಗೆ ನಾನು ಹೋದಾಗ ಹೆಡ್‌ಮಾಸ್ತರರು ಪೇಪರು ಮಡಚಿ ಕಪಾಟಿನೊಳಗೆ ಇಟ್ಟರು. ಅದು ಅವರ ದೊಡ್ಡತನ. ಆದರೆ ಒಂದನೆಯ ತರಗತಿಯ ಒಬ್ಬ ಹುಡುಗಿಯ ತಂದೆ ಬಂದು, ಮಗಳನ್ನು ಇನ್ನೊಂದು ವರ್ಷ ಬಿಟ್ಟು ಸೇರಿಸುತ್ತೇವೆ ಎಂದು ಕರೆದುಕೊಂಡು ಹೋದ. ಕಾರಣ ಹೇಳಲಿಲ್ಲ. ನಾನೂ ಕೇಳಲಿಲ್ಲ. ಅವ್ವನಿಗೆ ಆ ದಿನವೇ ಬಾವಿಕಟ್ಟೆಯಲ್ಲಿ ಯಾರೋ ಹೇಳಿದರು. ಬಂದು ಜೋಳದ ಹಿಟ್ಟು ನಾದುತ್ತ ಕೂತರು. ನಾದಿದ ಹಿಟ್ಟನ್ನು ಮತ್ತೆ ನಾದಿದರು. ರೊಟ್ಟಿ ಬಡಿಯಲಿಲ್ಲ. "ಬಡಿತೇನಿ ಬಿಡ್ರಿ ಅತ್ತಿ" ಎಂದು ನಾನು ಹಿಟ್ಟು ತೆಗೆದುಕೊಂಡೆ, ಅವರು ಎದ್ದು ಹೋದರು. ಎರಡು ವರ್ಷದಿಂದ ಅವರೂ ಮಗಳ ಹೆಸರು ಎತ್ತಿರಲಿಲ್ಲ. ಮೊಮ್ಮಕ್ಕಳನ್ನು ತಿಂದವಳು ಅಂತ ಒಮ್ಮೆ ಮಾತ್ರ ಅಂದದ್ದು ನಾನು ಕೇಳಿದ್ದೆ.

ಮುಂದೆ ಒಂದು ಶುಕ್ರವಾರ ಬೈಲಹೊಂಗಲದ ಪೇಟೆಯಲ್ಲಿ ಶಟ್ಟೆಪ್ಪ ಸಿಕ್ಕ. ಹತ್ತಿ ತಂದಿದ್ದನಂತೆ. ನನ್ನನ್ನು ನೋಡಿ ರುಮಾಲು ತೆಗೆದು ನಿಂತ. ನಾನು ಮಾತಾಡಿಸದೆ ದಾಟಿ ಹೋಗಬೇಕೆಂದಿದ್ದೆ, ಅವನೇ ಹಿಂದೆ ಬಂದ. "ಟೀಚರ್, ಕಲ್ಲು ಹಿಡಕೊಂಡಿದ್ಳೋ ಇಲ್ಲೋ ಅಂತ ಕೋರ್ಟಿನಾಗ ಕೇಳಿದ್ರು. ಹಿಡಕೊಂಡಿದ್ಳು ಅಂದೆ. ಖರೇ ಇದ್ದದ್ದ ಅಂದೆ. ಅಷ್ಟ ಕೇಳಿ ಕಳಿಸಿದ್ರು. ಅದರಿಂದ ಗಲ್ಲಾಗತೈತಿ ಅಂತ ನನಗೇನ ಗೊತ್ತು?" ಎಂದ. ಆಮೇಲೆ ತಲೆ ತಗ್ಗಿಸಿ, "ನೀರಾಗಿಂದ ಎಳದ ತಂದು ಹಗ್ಗಕ್ಕ ಕೊಟ್ಟಂಗಾತು. ನಾ ಎಳದದ್ದ ತಪ್ಪಾತೇನ್ರಿ?" ಎಂದು ಕೇಳಿದ. ಎತ್ತಿನಂಥ ಆಳು. ರುಮಾಲನ್ನು ಎರಡೂ ಕೈಯಲ್ಲಿ ಹಿಂಡುತ್ತಿದ್ದ. ತಪ್ಪಲ್ಲ ಅಂದೆ. ಅಂದ ಮೇಲೆ ನನಗೇ ಅನಿಸಿತು, ಎಳೆದು ತಂದದ್ದು ತಪ್ಪಲ್ಲವಾದರೆ ಅವಳು ಬದುಕಿದ್ದೂ ತಪ್ಪಲ್ಲ. ಆ ಒಂದು ಮಾತು ಬಸ್ಸಿನುದ್ದಕ್ಕೂ ನನ್ನ ಜೊತೆ ಬಂತು. ಮುಂದಿನ ಸಂತೆಯ ದಿನ ಬೈಲಹೊಂಗಲದಲ್ಲಿ ರಂಜನಾ ವಕೀಲರ ಮನೆಯ ಬಾಗಿಲು ತಟ್ಟಿದೆ.

ಅವರನ್ನು ನೀವು ನೋಡಿಲ್ಲ. ನನ್ನ ಕಾಲೇಜು ಗೆಳತಿಯ ಅಕ್ಕ. ಸಣ್ಣ ದನಿಯಲ್ಲಿ ಮಾತಾಡುತ್ತಾರೆ, ಆದರೆ ಒಮ್ಮೆ ಹಿಡಿದ ಕೆಲಸ ಬಿಡುವವರಲ್ಲ. "ಮನಿಯಿಂದ ಮತ್ತ ಯಾರ ಅದಾರ ನಿಮ್ಮ ಜೊತಿಗೆ?" ಎಂದು ಮೊದಲು ಕೇಳಿದರು. ನಾನೊಬ್ಬಳೇ ಅಂದೆ. ಗಲ್ಲಿನ ಶಿಕ್ಷೆಯನ್ನು ಹೈಕೋರ್ಟು ನೋಡಿ ಒಪ್ಪದೆ ಜಾರಿ ಮಾಡುವಂತಿಲ್ಲ, ನಾವು ಅರ್ಜಿ ಹಾಕಿದರೂ ಬಿಟ್ಟರೂ ಕಾಗದ ಬೆಂಗಳೂರಿಗೆ ಹೋಗಿಯೇ ಹೋಗುತ್ತದೆ ಎಂದು ತಿಳಿಸಿ ಹೇಳಿದರು. "ಆದ್ರ ಅಲ್ಲೆ ಆಕಿ ಪರವಾಗಿ ಒಬ್ಬರು ಮನಸು ಕೊಟ್ಟು ಮಾತಾಡಬೇಕಲ್ಲ? ಅದಕ್ಕ ಆಕಿ ಸಹಿ ಬೇಕು" ಅಂದರು. ಏಳುವಾಗ ಇನ್ನೊಂದು ಮಾತು ಹೇಳಿದರು. "ಗಂಡಸು ಮಕ್ಕಳನ್ನ ಕೊಂದ್ರ ಸಿಟ್ಟಿನ ಭರದಾಗ ಮಾಡಿದ ಅಂತಾರ. ಹೆಂಗಸು ಮಾಡಿದ್ರ ಆಕಿ ಹೆಂಗಸ ಅಲ್ಲ ಅಂತಾರ. ನಾ ಆಕಿ ಮಾಡಿದ್ದು ಸಣ್ಣದು ಅನ್ನಲಿಕ್ಕೆ ಹತ್ತಿಲ್ಲ, ಮೀನಾ. ತೂಕದ ಕಲ್ಲು ಎರಡು ಇರಬಾರದು ಅಂತೇನಿ."

ಇಬ್ಬರೂ ಬೆಳಗಾವಿಯ ಜೈಲಿಗೆ ಹೋದೆವು. ದಪ್ಪ ಜಾಳಿಗೆಯ ಆಚೆ ಕೃಷ್ಣವ್ವ ಬಂದು ನಿಂತಳು. ನನ್ನನ್ನು ನೋಡಿ "ವೈನಿ" ಅಂದಳು. ರಂಜನಾ ವಕೀಲರು ಎಲ್ಲ ಬಿಡಿಸಿ ಹೇಳಿದರು. ಕೇಳಿಸಿಕೊಂಡು, "ಸಹಿ ಮಾಡೂದಿಲ್ರಿ" ಅಂದಳು. ಎಷ್ಟು ಕೇಳಿದರೂ ಅದೇ. ಕಡೆಗೆ ನಾನು, ಆ ದಿನ ಏನಾಯಿತು, ನನಗಾದರೂ ಹೇಳು ಎಂದೆ. ಜಾಳಿಗೆಗೆ ಇನ್ನಷ್ಟು ಹತ್ತಿರ ಬಂದು ಹೇಳಿದಳು: "ಎಲ್ಲಾರೂ ಅದನ್ನ ಕೇಳತಾರ. ಮುಂಜಾನೆ ಎದ್ದಾಗ ನನಗ ಆ ವಿಚಾರ ಇರಲಿಲ್ಲ. ಹೊಲಕ್ಕ ಬುತ್ತಿ ಒಯ್ಯೂಮುಂದ ಇರಲಿಲ್ಲ. ಬಾವಿ ದಂಡಿಗೆ ನಿಂತಾಗ, ನಾನೊಬ್ಬಾಕಿ ಹೋದ್ರ ಇವರನ್ನ ಯಾರ ನೋಡತಾರ ಅನಿಸಿತು. ಅಷ್ಟ ನೆನಪೈತಿ. ನೀರಾಗ ಬಗಲಿಂದ ಜಾರಿದ್ರು. ಹುಡುಕಿದೆ. ಸಿಗಲಿಲ್ಲ. ಆಮ್ಯಾಲ ಕೈ ತಾನ ಕಲ್ಲ ಹಿಡೀತ್ರಿ ವೈನಿ. ನಾ ಸಾಯಾಕಂತ ಹಾರಿದ್ದೆ. ಕೈಗೆ ಅದು ಗೊತ್ತಿರಲಿಲ್ಲ." ರಂಜನಾ ವಕೀಲರು ಬರೆದುಕೊಳ್ಳುವುದನ್ನು ನಿಲ್ಲಿಸಿದರು. ಇದನ್ನು ಕೋರ್ಟಿನಲ್ಲಿ ಯಾಕೆ ಹೇಳಲಿಲ್ಲ ಎಂದು ಕೇಳಿದರೆ, "ಕಲ್ಲ ಹಿಡದಿಯೇನ ಅಂತಷ್ಟ ಕೇಳಿದ್ರು. ಹೌದಂದೆ" ಎಂದಳು.

ಆಮೇಲೆ ಅವಳು ಹೇಳಿದ್ದನ್ನು ನಾನು ಬರೆಯಲೇಬೇಕು, ನೀವು ನನ್ನ ಮೇಲೆ ಸಿಟ್ಟಾದರೂ ಸರಿ. ಸ್ಟೇಷನ್ನಿಗೆ ನೀವು ಹೋದ ದಿನ, ಲಾಕಪ್ಪಿನ ಮುಂದೆ ನಿಂತು ಒಂದೇ ಒಂದು ಪ್ರಶ್ನೆ ಕೇಳಿ ತಿರುಗಿ ಬಂದಿರಂತೆ. "ಎರಡೂ ಹುಡುಗೂರು ತಳಕ್ಕ ಹೋದ ಮ್ಯಾಲ ನೀ ಹ್ಯಾಂಗ ಮ್ಯಾಲ ಬಂದಿ?" ಅದನ್ನೇ ಅವಳು ಇಷ್ಟು ದಿನ ಒಳಗೆ ಇಟ್ಟುಕೊಂಡಿದ್ದಾಳೆ. "ಅಣ್ಣ ಕೇಳಿದ್ದ ಖರೇ ಐತಿ. ಕೋರ್ಟಿನವರೂ ಅದನ್ನ ಕೇಳಿದ್ರು. ಅವರಿಗೆ ಸಿಟ್ಟಾಗೂದು ಬರೋಬ್ಬರಿ. ಗಲ್ಲಾಗಲಿ ಬಿಡ್ರಿ" ಅಂದಳು. ನೀವು ಮಣ್ಣು ಹಾಕಿ ಬಂದ ಕೈಯಲ್ಲೇ ಅಲ್ಲಿಗೆ ಹೋಗಿದ್ದಿರಿ. ಆ ಹೊತ್ತಿನಲ್ಲಿ ಬೇರೆ ಯಾವ ಮಾತು ಬರುತ್ತಿತ್ತು? ಅದು ನನಗೆ ತಿಳಿಯುತ್ತದೆ. ಸವದತ್ತಿ ಬಸ್ಸು ಹತ್ತಿಸಿದವರ ಸಿಟ್ಟು ಯಾರ ಮೇಲಿನದು ಎಂಬುದೂ ತಿಳಿಯುತ್ತದೆ. ಆದರೆ ಅವಳು ನಿಮ್ಮ ಸಿಟ್ಟನ್ನು ತೀರ್ಪು ಎಂದುಕೊಂಡಳು.

ಸಹಿ ಇಲ್ಲದೆ ತಿರುಗಿ ಬಂದೆವು. ಅವ್ವನಿಗೆ ಹೇಳಲಿಲ್ಲ. ಅದೇ ಹೊತ್ತಿಗೆ ಅವ್ವನಿಗೆ ಏನನಿಸಿತೋ, ಮುನವಳ್ಳಿಗೆ ಹೋಗಿ ಬರುತ್ತೇನೆಂದರು. ಮಕ್ಕಳದೊಂದು ಅಂಗಿಯೋ, ಆಟಿಗೆಯೋ ಏನಾದರೂ ಸಿಕ್ಕರೆ ಬೇಕಿತ್ತು ಎಂದರು. ನಮ್ಮಲ್ಲಿ ಆ ಹುಡುಗರದೊಂದು ಫೋಟೋ ಕೂಡ ಇಲ್ಲವಲ್ಲ. ಒಂದು ರವಿವಾರ ಕರೆದುಕೊಂಡು ಹೋದೆ. ಭರಮಪ್ಪ ಮನೆಯಲ್ಲಿರಲಿಲ್ಲ. ಅವನು ರಾಮದುರ್ಗದ ಕಡೆಯ ಹುಡುಗಿಯನ್ನು ಮದುವೆಯಾಗಿ ಆಗಲೇ ವರ್ಷವಾಗಿತ್ತು. ಅವನ ತಾಯಿ ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಟ್ಟಳು. ಮಕ್ಕಳ ಬಟ್ಟೆ ಕೇಳಿದರೆ, "ಇದ್ದದ್ದೆಲ್ಲಾ ಮಲಪ್ರಭಾಕ್ಕ ಬಿಟ್ಟೇವ್ರಿ" ಅಂದಳು. ಅವ್ವ, ಬಸವಲಿಂಗ ಹಾಲು ಕುಡಿಯಲು ಹಟ ಮಾಡುತ್ತಿದ್ದದ್ದನ್ನು ಏನೋ ಹೇಳತೊಡಗಿದರು. ಆ ಮುದುಕಿ ಒಳಗಿನ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ, "ಹೊಸಾ ಸ್ವಸಿ ದಿನ ತುಂಬಿದ ಬಸರಿ ಅದಾಳ್ರಿ. ಆ ಮಾತು ಈ ಮನ್ಯಾಗ ಬ್ಯಾಡ" ಅಂದಳು. ಆಕೆಯದೂ ತಪ್ಪೆನ್ನಲಾರೆ. ಅವ್ವ ಚಹಾದ ಬಟ್ಟಲು ಕೆಳಗಿಟ್ಟು ಎದ್ದರು. ಮರುದಿನ ಮುಂಜಾನೆ ನಾನು ಶಾಲೆಗೆ ಹೊರಟಾಗ ಬಾಗಿಲಲ್ಲಿ ನಿಂತು, "ನನ್ನ ಬೆಳಗಾವಿಗೆ ಕರಕೊಂಡ ನಡಿ" ಅಂದರು. ನಾನು ಮೊದಲೇ ಹೋಗಿ ಬಂದದ್ದು ಅವರಿಗೆ ಗೊತ್ತಿತ್ತು. ಹೇಗೆ ಗೊತ್ತಾಯಿತೆಂದು ಇಂದಿಗೂ ಹೇಳಿಲ್ಲ.

ಆ ಭೇಟಿಯನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅವ್ವ ಜಾಳಿಗೆಯ ಹತ್ತಿರ ಹೋಗಿ ನಿಂತು ಮೊದಲು ಉಸಿರು ಸುಧಾರಿಸಿಕೊಂಡರು. ಮೆಟ್ಟಿಲು ಹತ್ತಿ ದಮ್ಮು ಹೆಚ್ಚಾಗಿತ್ತು. ಕೃಷ್ಣವ್ವ ತಾಯಿಯನ್ನು ನೋಡಿದವಳೇ ಗೋಡೆಗೆ ಆತು ನಿಂತುಬಿಟ್ಟಳು, ಮುಂದೆ ಬರಲಿಲ್ಲ. ಬೈಗುಳ ಬೀಳುತ್ತದೆ ಎಂದುಕೊಂಡಳೋ ಏನೋ. ಅವ್ವ "ಉಂಡಿಯೇನ?" ಎಂದು ಕೇಳಿದರು. ಅವಳು ತಲೆ ಆಡಿಸಿದಳು. ಆಮೇಲೆ ಅವ್ವ, ನಿನ್ನೆ ಬಿಟ್ಟ ಮಾತನ್ನು ಮುಂದುವರಿಸಿದಂತೆ, "ಕೃಷ್ಣಾ, ಬಸು ಎಮ್ಮಿಗೆ ಏನೋ ಅಂತಿದ್ದ ನೋಡು. ಏನೋ ಒಂದ ಹೆಸರಿಟ್ಟಿದ್ದ. ನಾಲ್ಕ ದಿನ ಆತು ನೆನಸಾಕ ಹತ್ತೇನಿ, ಬರವಲ್ದು. ಉಂಬಾ ಅಂತಿದ್ದನೇನ?" ಅಂದರು. ಕೃಷ್ಣವ್ವನ ಬಾಯಿಂದ ಆ ಬಾವಿಯ ನಂತರ ಮಕ್ಕಳ ಹೆಸರು ಬಂದಿರಲಿಲ್ಲ ಎಂದು ಹೆಂಗಸರ ವಾರ್ಡು ನೋಡಿಕೊಳ್ಳುವ ಮೇಟ್ರನ್ ಬಾಯಿ ನನಗೆ ಹೇಳಿದ್ದರು. ಜೈಲಿನೊಳಗೆ ತಾಯಂದಿರ ಜೊತೆ ಇರುವ ಸಣ್ಣ ಮಕ್ಕಳು ಓಡಾಡಿದರೆ ಗೋಡೆಗೆ ಮುಖ ತಿರುಗಿಸುತ್ತಾಳಂತೆ. ಈಗ ಅವಳು ಗೋಡೆ ಬಿಟ್ಟು ಮುಂದೆ ಬಂದು, "ಉಂಬಾ ಅಲ್ಲವ್ವಾ. ಉಮ್ಮಣ್ಣಿ" ಅಂದಳು. "ಹಾಂ, ಉಮ್ಮಣ್ಣಿ" ಎಂದು ಅವ್ವ ಹಣೆ ಬಡಿದುಕೊಂಡರು. "ಸಪ್ನಾ ನಗತಿದ್ಳು ಅವಗ. ಉಮ್ಮಣ್ಣಿ ಅಲ್ಲೋ ಎಮ್ಮಿ ಅಂತ ಕಲಸಾಕ ಹೋಗತಿದ್ಳು." "ಟೀಚರ್ ಆಗತೇನಂತಿದ್ಳವ್ವಾ, ವೈನಿಯಂಗ" ಅಂದಳು ಕೃಷ್ಣವ್ವ. ಹೀಗೆ ಇಬ್ಬರೂ ಜಾಳಿಗೆಯ ಈಚೆ ಆಚೆ ಕೂತು ಆ ಹುಡುಗರ ಮಾತು ಆಡಿದರು. ಸಪ್ನಾಳ ಬಿದ್ದ ಹಲ್ಲು, ಬಸು ಮಣ್ಣು ತಿಂದದ್ದು, ಅವನ ಜಾವಳದ ದಿನ ಕೂದಲು ತೆಗೆಯುವಾಗ ಕಿರುಚಿದ್ದು. ನಾನು ಗೋಡೆಯ ಕಡೆ ನೋಡುತ್ತ ನಿಂತೆ. ವೇಳೆ ಮುಗಿದರೂ ಮೇಟ್ರನ್ ಬಾಯಿ ಕರೆಯಲಿಲ್ಲ.

ಕಡೆಗೆ ಅವ್ವ ಜಾಳಿಗೆಗೆ ಬೆರಳು ಸಿಕ್ಕಿಸಿ ಹೇಳಿದರು: "ನೀ ಮಾಡಿದ್ದಕ್ಕ ನನ್ನ ಹೊಟ್ಟಿ ಉರೀತೈತಿ. ಅದು ಆರೂದಿಲ್ಲ, ಆರತೈತಿ ಅಂತ ನಿನಗ ಸುಳ್ಳ ಹೇಳೂದಿಲ್ಲ. ಆದ್ರ ಆ ಹುಡುಗೂರ ಹೆಸರ ತಗೊಂಡ ಅಳಬೇಕಂದ್ರ ಊರಾಗ ನನಗೊಂದ ಮನಿ ಇಲ್ಲ. ಅವರ ಹ್ಯಾಂಗಿದ್ರು ಅನ್ನೂದು ನಿನಗೊಬ್ಬಾಕಿಗೆ ಪೂರಾ ಗೊತ್ತು. ನಿನ್ನೂ ಒಯ್ದ್ರಂದ್ರ ಅವರು ಇನ್ನೊಮ್ಮೆ ಹೋದಂಗ. ಸಹಿ ಮಾಡು." ಕೃಷ್ಣವ್ವ ಆಗ ಅತ್ತಳು. ಎರಡೂವರೆ ವರ್ಷದ ಮೇಲೆ. ಅಳುವಾಗ ದನಿಯೇ ಇರಲಿಲ್ಲ. ಮುಂದಿನ ವಾರ ರಂಜನಾ ವಕೀಲರು ಕಾಗದ ಒಯ್ದಾಗ ಸಹಿ ಮಾಡಿಕೊಟ್ಟಳು. ಶಾಲೆಯಲ್ಲಿ ಕಲಿತಂತೆ ದುಂಡಗೆ, ತಂದೆಯ ಹೆಸರು ಸೇರಿಸಿ, ಕೃಷ್ಣವ್ವ ನಿಜಗುಣಪ್ಪ ಎಂದು ಬರೆದಿದ್ದಳು.

ಹೈಕೋರ್ಟಿನಲ್ಲಿ ಏನಾಯಿತೆಂದು ರಂಜನಾ ವಕೀಲರು ನಮ್ಮ ಪಡಸಾಲೆಯಲ್ಲಿ ಕೂತು ಅವ್ವನಿಗೆ ತಿಳಿಯುವಂತೆ ಹೇಳಿದರು. ಅವರ ಹಿರಿಯರೊಬ್ಬರು ವಾದ ಮಾಡಿದರಂತೆ. ಸರಕಾರದ ಕಡೆಯವರು ಮತ್ತೆ ಕಲ್ಲಿನ ಮಾತು ಎತ್ತಿದಾಗ, ಇಬ್ಬರು ನ್ಯಾಯಾಧೀಶರಲ್ಲಿ ಒಬ್ಬರು, ಮುಳುಗುತ್ತಿರುವ ದೇಹ ಉಸಿರು ಹುಡುಕಿದರೆ ಅದರಿಂದ ಮನಸ್ಸಿನ ಲೆಕ್ಕ ಹೇಗೆ ಹಾಕುತ್ತೀರಿ ಎಂದು ಕೇಳಿದರಂತೆ. ಅವಳು ಕೊಂದದ್ದು ನಿಜ ಎಂಬುದನ್ನು ಅವರು ತೆಗೆದುಹಾಕಲಿಲ್ಲ. ಗಲ್ಲನ್ನು ಮಾತ್ರ ತೆಗೆದರು. ನಾನೂ 'ಅವಳು ಕೊಂದಿಲ್ಲ' ಎಂದು ನಿಮಗೆ ಬರೆಯುತ್ತಿಲ್ಲ. ಸಪ್ನಾ ನನ್ನ ಮುಂದಿನ ಸಾಲಿನಲ್ಲಿ ಕೂಡುತ್ತಿದ್ದ ಜಾಗ ನನಗೆ ದಿನಾ ಕಾಣುತ್ತದೆ. ಅವ್ವ ಎಲ್ಲ ಕೇಳಿ, "ಅಂದ್ರ ಜನ್ಮಠೇಪ" ಅಂದರು. ಹೌದು, ಜೀವಾವಧಿ ಅಂದರು ವಕೀಲರು. ಅವ್ವ ಒಳಗೆ ಹೋಗಿ ಅವರಿಗೆ ಅರಿಷಿಣ ಕುಂಕುಮ ತಂದುಕೊಟ್ಟರು.

ನಾನು ಜೈಲಿಗೆ ಹೋದಾಗ ಕೃಷ್ಣವ್ವನಿಗೆ ಸುದ್ದಿ ಮೊದಲೇ ತಿಳಿದಿತ್ತು. ಸಂತೋಷ ಕಾಣಲಿಲ್ಲ, ಕಾಣಬೇಕೆಂದು ನಾನೂ ಹೋಗಿರಲಿಲ್ಲ. "ಹಂಗಾರ ಇನ್ನ ದಿನಾ ಏಳಬೇಕು" ಅಂದಳು. ಅಷ್ಟೇ. ಮಕ್ಕಳು ಓಡಾಡಿದರೆ ಈಗಲೂ ಮುಖ ತಿರುಗಿಸುತ್ತಾಳಂತೆ. ಆದರೆ ಊಟ ಸರಿಯಾಗಿ ಮಾಡುತ್ತಾಳೆ, ಹೊಲಿಗೆಯ ಕೆಲಸಕ್ಕೆ ಹೋಗುತ್ತಾಳೆ. ಅವ್ವ ಬರುವ ದಿನ ತಲೆ ಬಾಚಿಕೊಂಡು ಕಾಯುತ್ತಾಳೆ. ನಾನು ಹೊರಡುವಾಗ ಕರೆದು, ಅಣ್ಣನಿಗೆ ಪತ್ರ ಬರೆಯುತ್ತೀರೇನು ಎಂದು ಕೇಳಿದಳು. ಬರೆಯುತ್ತೇನೆ ಅಂದೆ. "ಅಣ್ಣ ಕೇಳಿದ್ದಕ್ಕ ನನ್ನ ಕಡೆ ಉತ್ತರ ಇಲ್ಲಂತ ಬರೀರಿ. ಮತ್ತ ಕೇಳಬೇಕನಿಸಿದ್ರ ಬಂದು ಕೇಳಲಿ. ನಾ ಎಲ್ಲೂ ಹೋಗೂದಿಲ್ಲ" ಅಂದಳು. ಅವಳು ಅಂದಂತೆಯೇ ಬರೆದಿದ್ದೇನೆ, ಒಂದು ಶಬ್ದ ಹೆಚ್ಚು ಕಡಿಮೆ ಮಾಡಿಲ್ಲ.

ನನ್ನ ಮೇಲೆ ಸಿಟ್ಟು ಬಂದಿದ್ದರೆ ಅದನ್ನಾದರೂ ಬರೆದು ಕಳಿಸಿ. ನಿಮ್ಮ ಅಕ್ಷರ ನೋಡದೆ ಇರುವುದು ನನಗೆ ಆಗುವುದಿಲ್ಲ. ಬೆರಳುಗಳನ್ನು ಡಾಕ್ಟರಿಗೆ ತೋರಿಸಿ. ಅವ್ವ ನಿಮಗೆ ಆಯುಷ್ಯ, ಆರೋಗ್ಯ ಬೇಡಿದ್ದಾರೆ. ದಿನಾ ಲಿಂಗಪೂಜೆಯಲ್ಲಿ ನಿಮ್ಮ ಹೆಸರು ಹೇಳುವಾಗ ಈಗ ಇನ್ನೊಂದು ಹೆಸರನ್ನೂ ಸೇರಿಸುತ್ತಾರೆ. ನಿಮ್ಮ ಗೆಳೆಯರಿಗೆಲ್ಲ ನನ್ನ ನಮಸ್ಕಾರ ತಿಳಿಸಿರಿ.

ಎಂದೆಂದೂ ನಿಮ್ಮವಳು,
ಮೀನಾ

ತಾ.ಕ.: ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿದ್ದೆ, ಅವ್ವ ಕರೆದು ಲಕೋಟೆ ಬಿಚ್ಚಿಸಿದರು. ಜನವರಿಯಲ್ಲಿ ರಜೆ ಸಿಕ್ಕರೆ ಯಾವಾಗಲಿನಂತೆ ಧಾರವಾಡದ ತನಕ ಬಂದು ಬಸ್ಸು ಹಿಡಿಯಬೇಡಿ. ನಿಮ್ಮ ರೈಲು ಬೆಳಗಾವಿಯ ಮೇಲೆಯೇ ಬರುತ್ತದೆ. ಅವ್ವ ಹೇಳಿದ್ದು ಇದು: "ಬೆಳಗಾವ್ಯಾಗ ಇಳದು, ತಂಗೀನ್ನ ನೋಡಿ, ಆಮ್ಯಾಲ ಮನಿಗೆ ಬಾ ಅಂತ ಬರಿ. ನೋಡದ ಬಂದ್ರ ನಾ ಬಾಗಲಾ ತಗ್ಯೂದಿಲ್ಲಂತ ಬರಿ." ಸ್ವಲ್ಪ ಮೆತ್ತಗೆ ಬರೆಯಲೇ ಎಂದು ಕೇಳಿದೆ. ಬ್ಯಾಡ ಅಂದರು. ಭೇಟಿಗೆ ಗುರುತಿನ ಚೀಟಿ ಕೇಳುತ್ತಾರೆ, ಇಟ್ಟುಕೊಂಡಿರಿ. ದಿನ ತಿಳಿಸಿದರೆ ನಾನು ಗೇಟಿನ ಹತ್ತಿರ ನಿಂತಿರುತ್ತೇನೆ. ನೀವು ಬರುತ್ತೀರಿ ಎಂದು ಕೃಷ್ಣವ್ವನಿಗೆ ಇನ್ನೂ ಹೇಳಿಲ್ಲ. ನಿಮ್ಮ ಪತ್ರ ನೋಡಿ ಹೇಳುತ್ತೇನೆ.